ತಂಪಾಗದ ಸೀಟು

ನನಗೆ ಮೂಲವ್ಯಾಧಿ ಇದೆ ಎಂದು ಯಲ್ಲಾಪುರದಿಂದ ಸಿದ್ದಾಪುರದವರೆಗಿನ ಜನ ಸುಮಾರು ಹತ್ತು ವರ್ಷ ನಂಬಿದ್ದರು. ಯಲ್ಲಾಪುರದ ಚಾ ಅಂಗಡಿಯವನು ನಾನು ಕೇಳಿದರೂ ಮಿರ್ಚಿ ಭಜಿ ಕೊಡುತ್ತಿರಲಿಲ್ಲ. ಶಿರಸಿಯ ದನದ ಹಿಂಡಿ ಅಂಗಡಿಯ ಹಮಾಲರು ನಾನು ಗಾಡಿಯಿಂದ ಇಳಿಯುವಾಗ ಕೈ ಚಾಚಿ ನಿಲ್ಲುತ್ತಿದ್ದರು. ಕಂಡವರೆಲ್ಲ ಒಂದೊಂದು ಮದ್ದು ಹೇಳುತ್ತಿದ್ದರು. ಅಮ್ಮ, ನಮ್ಮಲ್ಲಿ ಆಯಿ, ವಾರಕ್ಕೆರಡು ಸಲ ಸುವರ್ಣಗೆಡ್ಡೆಯ ಹುಳಿ ಮಾಡಿ ಬಡಿಸಿ, ನಾನು ಉಂಡು ಮುಗಿಸುವವರೆಗೆ ಎದುರು ಕೂತಿರುತ್ತಿದ್ದಳು. ನನಗೆ ಮೂಲವ್ಯಾಧಿ ಯಾವತ್ತೂ ಇರಲಿಲ್ಲ. ಆ ಸುದ್ದಿಯನ್ನು ನಾನೇ ಹಬ್ಬಿಸಿದ್ದೆ. ಪಿಕಪ್ಪಿನ ಸೀಟಿಗೆ ತಂಪು ಗಾಳಿಯ ವ್ಯವಸ್ಥೆ ಯಾಕೆ ಬೇಕು ಎಂದು ಕೇಳಿದವರಿಗೆ ಏನಾದರೊಂದು ಹೇಳಬೇಕಿತ್ತು, ನಿಜಕ್ಕಿಂತ ಮೂಲವ್ಯಾಧಿಯೇ ಮರ್ಯಾದೆಯದ್ದಾಗಿ ಕಂಡಿತ್ತು.

ಈಗ ಆಯಿ ಇಲ್ಲ. ಬರೆದರೆ ಓದಿ ನೊಂದುಕೊಳ್ಳುವವರು ಯಾರೂ ಉಳಿದಿಲ್ಲ. ಒಬ್ಬಳಿದ್ದಾಳೆ, ಅವಳಿಗೆ ಇದರಲ್ಲಿ ಹೊಸದೇನೂ ಇಲ್ಲ.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಆ ಗಾಡಿ ಕೊಂಡೆ. ಹಳೆಯದು. ಮುಂದೆ ಮೂತಿಯಿಲ್ಲದೆ ಚಪ್ಪಟೆಯಾಗಿದ್ದ ಪಿಕಪ್ಪು. ಮೂತಿ ಇಲ್ಲದ ಮೇಲೆ ಎಂಜಿನ್ ಎಲ್ಲಾದರೂ ಕೂರಬೇಕಲ್ಲ, ಅದು ಡ್ರೈವರನ ಸೀಟಿನ ಅಡಿಯಲ್ಲೇ ಕೂತಿತ್ತು. ಸೀಟು ಎತ್ತಿದರೆ ಕೆಳಗೆ ಎಂಜಿನ್. ಯಲ್ಲಾಪುರದಿಂದ ಶಿರಸಿಗೆ ಬಾಳೆಗೊನೆ, ಶಿರಸಿಯಿಂದ ಸಿದ್ದಾಪುರಕ್ಕೆ ಹಿಂಡಿ, ಗೊಬ್ಬರ, ಒಮ್ಮೊಮ್ಮೆ ಘಟ್ಟದ ಕೆಳಗಿಂದ ತೆಂಗಿನಕಾಯಿ. ಘಟ್ಟ ಹತ್ತಿಸಿ ಮೇಲೆ ಬರುವಷ್ಟರಲ್ಲಿ ಸೀಟು ಕಾದ ಬಾಣಲೆಯಾಗಿರುತ್ತಿತ್ತು. ಲುಂಗಿ ಉಟ್ಟು ಓಡಿಸುವುದು ನಮ್ಮ ರೂಢಿ, ಅದನ್ನು ಎರಡು ಮಡಿಕೆ ಮಾಡಿಕೊಂಡರೂ ತೊಡೆ ಕೆಂಪಾಗುತ್ತಿತ್ತು. ಅದರ ಬಗ್ಗೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಡ್ರೈವರ್ ಕೆಲಸ ಎಂದರೆ ಹಾಗೆಯೇ ಎಂದುಕೊಂಡಿದ್ದೆವು.

ಮನೆಯಲ್ಲಿ ಮೂವರು. ಯಲ್ಲಾಪುರದಲ್ಲಿ ಲಾರಿಗಳು ನಿಲ್ಲುವ ಬಯಲಿನ ಹಿಂದೆ ಎರಡು ಕೋಣೆಯ ಬಾಡಿಗೆ ಮನೆ. ಆಯಿ ಬಿಳಗಿ ಕಡೆಯವಳು, ಅಪ್ಪ ಬೇಗ ಹೋದ ಮೇಲೆ ಅವರಿವರ ಮನೆಯ ಮದುವೆ ಮುಂಜಿಗೆ ಅಡಿಗೆ ಮಾಡಿ ನನ್ನನ್ನು ಬೆಳೆಸಿದವಳು. ಹೆಂಡತಿ ಹುಲೇಕಲ್ಲಿನವಳು. ಗಾಡಿ ಕೊಂಡ ವರ್ಷವೇ ಮದುವೆಯಾಗಿತ್ತು. ಮದುವೆಯಾದ ತಿಂಗಳಲ್ಲೇ ಆಯಿ ಪೆಟ್ಟಿಗೆಯ ತಳದಿಂದ ಅರಿಶಿನ ಬಣ್ಣದ ಹಳೆಯ ಬಟ್ಟೆಯೊಂದನ್ನು ತೆಗೆದು ಅವಳಿಗೆ ತೋರಿಸಿದ್ದಳಂತೆ. ನನ್ನನ್ನು ತೊಟ್ಟಿಲಲ್ಲಿ ಮಲಗಿಸಿದ್ದ ಬಟ್ಟೆ. ನಿನ್ನ ಮಗುವೂ ಇದರ ಮೇಲೇ ಮಲಗುತ್ತದೆ ಎಂದು ಹೇಳಿ ಮತ್ತೆ ಮಡಚಿ ಇಟ್ಟಿದ್ದಳಂತೆ.

ನಾಲ್ಕು ವರ್ಷ ಕಳೆದರೂ ಮಗುವಾಗಲಿಲ್ಲ. ಶಿರಸಿಯಲ್ಲಿ ಡಾಕ್ಟರರಿಗೆ ತೋರಿಸಿದೆವು. ತೋರಿಸಿದೆವು ಎಂದರೆ ಅವಳನ್ನು ತೋರಿಸಿದೆ. ಎರಡು ಸಲ ಅವಳನ್ನು ಒಳಗೆ ಕಳಿಸಿ ನಾನು ಹೊರಗೆ ಗಾಡಿ ಒರೆಸುತ್ತ ನಿಂತೆ. ಅವಳಲ್ಲಿ ಏನೂ ತೊಂದರೆಯಿಲ್ಲ ಎಂದ ಡಾಕ್ಟರು ಮೂರನೆಯ ಸಲ ನನ್ನನ್ನೇ ಒಳಗೆ ಕರೆದು, "ನಿಮ್ಮದೂ ಒಂದು ಪರೀಕ್ಷೆ ಮಾಡಿಬಿಡೋಣ" ಎಂದರು. ನನಗೆ ಸಿಟ್ಟು ಬಂತು. ಅಷ್ಟು ದೊಡ್ಡ ಎಂಜಿನ್ನನ್ನು ಘಟ್ಟ ಹತ್ತಿಸುವವನಿಗೆ ಏನು ಪರೀಕ್ಷೆ ಎಂದು ಗೊಣಗಿಕೊಂಡೇ ಹೊರಗೆ ಬಂದೆ. ಒಪ್ಪಲು ಆರು ತಿಂಗಳು ಬೇಕಾಯಿತು.

ಪರೀಕ್ಷೆಯ ಕಾಗದ ನೋಡುತ್ತ ಡಾಕ್ಟರು, "ಏನು ಕೆಲಸ ಮಾಡ್ತೀರಿ?" ಎಂದರು. ಹೇಳಿದೆ. "ಗಾಡಿಯ ಎಂಜಿನ್ ಎಲ್ಲಿದೆ?" ಎಂದರು. ಇದೆಂಥ ಪ್ರಶ್ನೆ ಎಂದು ನನಗೆ ನಗು ಬಂತು. ಸೀಟಿನ ಕೆಳಗೆ ಎಂದೆ. ಅವರು ನಗಲಿಲ್ಲ, ಪೆನ್ನು ಕೆಳಗಿಟ್ಟರು.

"ಇದೇ ಕಾರಣ ಅಂತ ಹೇಳೋಕಾಗಲ್ಲ. ಇದೂ ಒಂದು ಕಾರಣ ಇರಬಹುದು. ಗಂಡಸಿಗೆ ಆ ಜಾಗದಲ್ಲಿ ದಿನವಿಡೀ ಅಷ್ಟು ಬಿಸಿ ಒಳ್ಳೇದಲ್ಲ. ಕೆಲಸ ಬಿಡೋಕಾದರೆ ಬಿಡಿ. ಆಗದಿದ್ದರೆ ಸೀಟಾದರೂ ತಂಪು ಮಾಡ್ಕೊಳ್ಳಿ. ಒಂದು ವರ್ಷ ಬಿಟ್ಟು ಮತ್ತೆ ನೋಡೋಣ. ಗ್ಯಾರಂಟಿ ಮಾತ್ರ ಕೊಡಲ್ಲ" ಎಂದರು.

ಮನೆಗೆ ಬರುವ ದಾರಿಯಲ್ಲಿ ಹೆಂಡತಿಗೆ ಹೇಳಿದೆ. ಅವಳು, "ಅತ್ತೆಗೆ ಹೇಳದು ಬ್ಯಾಡ. ಅವಕ್ಕೆ ತಡಕಂಬಲೆ ಆಗ್ತಿಲ್ಲೆ" ಎಂದಳು. ಮಗನಲ್ಲೇ ದೋಷವಿದೆ ಎಂದು ಗೊತ್ತಾದರೆ ಆಯಿ ಕುಸಿಯುತ್ತಾಳೆ ಎಂಬುದು ಅವಳ ಚಿಂತೆ. ನಾನು ಹೂಂ ಎಂದೆ. ಆ ಹೂಂ ಹೇಳಲು ನಾನು ಎಷ್ಟು ಹೊತ್ತು ತೆಗೆದುಕೊಂಡೆ ಎಂಬುದನ್ನು ಅವಳು ಗಮನಿಸಿರಬೇಕು. ನಾನು ಹೊತ್ತು ತೆಗೆದುಕೊಳ್ಳಲೇ ಇಲ್ಲ.

ಕೆಲಸ ಬಿಡಬಹುದಿತ್ತು. ಇದನ್ನು ಮುಚ್ಚಿಡುವುದಿಲ್ಲ. ಮಾವ ಹುಲೇಕಲ್ಲಿನಲ್ಲಿ ಅಡಿಕೆ ತೂಗಿಸುವ ಕೆಲಸವೊಂದನ್ನು ನನಗಾಗಿ ಕೇಳಿ ಇಟ್ಟಿದ್ದರು. ಹೆಂಡತಿ ಅದನ್ನು ಒಂದೇ ಸಲ ನೆನಪಿಸಿದಳು. ಮಾವನ ಕಣ್ಣೆದುರು ತಕ್ಕಡಿ ಹಿಡಿದು ಕೂರುವುದು ನನಗೆ ಬೇಡವಾಗಿತ್ತು. ಸ್ಟೇರಿಂಗ್ ಹಿಡಿದಾಗ ಮಾತ್ರ ನಾನೂ ಒಬ್ಬ ಮನುಷ್ಯ ಎನ್ನಿಸುತ್ತಿತ್ತು, ಆ ಕುರ್ಚಿಯನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಕುರ್ಚಿ ಬಿಡುವ ಬದಲು ಅದನ್ನೇ ರಿಪೇರಿ ಮಾಡಿಸುತ್ತೇನೆ ಎಂದು ಹೊರಟೆ.

ಶಿರಸಿಯಲ್ಲಿ ಲಾರಿ, ಬಸ್ಸುಗಳ ಸೀಟು ಹೊಲಿಯುವ ಮುದುಕರೊಬ್ಬರಿದ್ದರು. ಹುಬ್ಬಳ್ಳಿ ಕಡೆಯಿಂದ ಬಂದು ನೆಲೆಸಿದವರು, ಎಲ್ಲರಿಗೂ ಚಾಚಾ. ತಗಡಿನ ಮಾಡಿನ ಕೆಳಗೆ, ಹರಿದ ರೆಗ್ಜಿನ್ನು ಮತ್ತು ತೆಂಗಿನ ನಾರಿನ ರಾಶಿಯ ನಡುವೆ ಕೂತು ದಬ್ಬಣ ಎಳೆಯುತ್ತಿದ್ದರು. ಅವರಿಗೂ ಮೂಲವ್ಯಾಧಿ ಎಂದೇ ಹೇಳಿದೆ. ಪಾಪ, ಅವರು ನನಗಾಗಿ ಮರುಗಿದರು. ಎರಡು ದಿನ ಯೋಚಿಸಿ ತಮ್ಮದೇ ತಲೆಯಿಂದ ಒಂದು ಉಪಾಯ ತೆಗೆದರು. ಎಂಜಿನ್ನಿನ ಮೇಲೆ ಬಿಸಿ ತಡೆಯುವ ದಪ್ಪ ಹಾಳೆ. ಅದರ ಮೇಲೆ ನಾಲ್ಕು ಬೆರಳು ಪೊಳ್ಳು ಜಾಗ. ಪೊಳ್ಳಿನ ಮೇಲೆ ನಾರಿನ ಬದಲು ಲಾಮಂಚದ ಬೇರಿನ ಚಾಪೆ, ಅದರ ಮೇಲೆ ಸಣ್ಣ ಸಣ್ಣ ತೂತಿನ ಬಟ್ಟೆ. ಪೊಳ್ಳಿನೊಳಗೆ ಗಾಳಿ ಊದಲು ಬ್ಯಾಟರಿಯಿಂದ ತಿರುಗುವ ಪುಟ್ಟ ಫ್ಯಾನು. ಫ್ಯಾನಿಗೆ ಒಳ್ಳೆಯ ಗಾಳಿ ಸಿಗಬೇಕಲ್ಲ, ಅದಕ್ಕೆ ಒಂದು ಕಪ್ಪು ಪೈಪು. ಅದು ಫ್ಯಾನಿನಿಂದ ಹೊರಟು ಬೆನ್ನೊರಗಿನ ಹಿಂದೆ ಹಾದು, ಮೇಲೆ ಬಂದು ಮೊಣಕೈಯಂತೆ ಬಾಗಿ, ಪಕ್ಕದ ಸೀಟಿನಲ್ಲಿ ಕೂತವರ ಭುಜದ ಮೇಲೆ ಕಿಟಕಿಯ ಬಳಿ ಬಾಯಿ ತೆರೆದಿತ್ತು. ಕಿಟಕಿಯ ಗಾಳಿ ಪೈಪಿನೊಳಗೆ, ಪೈಪಿನಿಂದ ಸೀಟಿನೊಳಗೆ, ಸೀಟಿನಿಂದ ನನಗೆ.

"ಬೇರು ಒಣಗಬಾರ್ದು ನೋಡ್ರಿ. ದಿನಾ ಮುಂಜಾನೆ ಒಂದೀಟು ನೀರು ಚಿಮುಕಿಸ್ರಿ. ಇದರ ಮ್ಯಾಲೆ ಕುಂತ್ರ ನಿಮಗ ಮುಲಾಮೂ ಬ್ಯಾಡ, ಡಾಕ್ಟರೂ ಬ್ಯಾಡ" ಎಂದು ಚಾಚಾ ನಕ್ಕರು.

ಮೊದಲ ಮೂರು ವಾರ ಸೀಟು ನಿಜವಾಗಿಯೂ ತಂಪಾಗಿತ್ತು. ಲುಂಗಿಯೊಳಗೆ ಗಾಳಿ ಆಡುತ್ತಿತ್ತು, ಲಾಮಂಚದ ಪರಿಮಳ ಗಾಡಿ ತುಂಬಿತ್ತು. ಘಟ್ಟ ಹತ್ತಿಸಿ ಬಂದು ಕೈಯಿಟ್ಟು ನೋಡಿದರೆ ಬಟ್ಟೆ ತಣ್ಣಗಿರುತ್ತಿತ್ತು. ಹೆಂಡತಿ ದಿನಾ ಬೆಳಿಗ್ಗೆ ತಂಬಿಗೆಯಲ್ಲಿ ನೀರು ತಂದು, ಗಾಡಿಯ ಬಾಗಿಲು ತೆರೆದು, ಬೆರಳಿನಿಂದ ಸೀಟಿಗೆ ಚಿಮುಕಿಸುತ್ತಿದ್ದಳು. ಒಂದು ಹನಿಯೂ ಬದಿಗೆ ಹೋಗದ ಹಾಗೆ ಎಚ್ಚರದಿಂದ ಚಿಮುಕಿಸುತ್ತಿದ್ದಳು. ಆ ಮೂರು ವಾರ ನಾನು ಖುಷಿಯಾಗಿದ್ದೆ.

ಆಯಿ ಜಗಲಿಯಿಂದ ಎಲ್ಲವನ್ನೂ ನೋಡುತ್ತಿದ್ದಳು. "ಸೀಟಿಗೆ ನೀರು ಹೊಯ್ದ್ರೆ ಎಂತ ಬತ್ತು? ಆ ನೀರನ್ನ ತುಳಸಿಗಾದ್ರೂ ಹೊಯ್ಯಿ, ಹೊಟ್ಟೆ ತಂಪಾಗ್ತು" ಎಂದು ಒಂದು ದಿನ ಹೆಂಡತಿಗೆ ಹೇಳಿದಳು. ಹೆಂಡತಿ ತಲೆ ತಗ್ಗಿಸಿ ಒಳಗೆ ಹೋದಳು. ಉಳಿದ ನೀರನ್ನು ತುಳಸಿಗೆ ಹಾಕಿಯೇ ಹೋದಳು.

ಆಯಿ ಕೆಟ್ಟವಳಾಗಿರಲಿಲ್ಲ. ಅವಳಿಗೆ ಮೊಮ್ಮಗು ಬೇಕಿತ್ತು, ಅಷ್ಟೇ. ನಾಲ್ಕಾರು ಊರಿನ ದೇವರಿಗೆ ಸೊಸೆಯನ್ನು ಕರೆದುಕೊಂಡು ಹೋಗಿ ಬಂದಿದ್ದಳು, ಕಷಾಯ ಕುಡಿಸಿದ್ದಳು, ಸೋಮವಾರ ಉಪವಾಸ ಹಾಕಿಸಿದ್ದಳು. ಒಂದು ದೋಷವೂ ಇಲ್ಲದವಳು ಅಷ್ಟನ್ನೂ ಕುಡಿದಳು, ಉಪವಾಸ ಮಾಡಿದಳು. ದೋಷವಿದ್ದ ನಾನು ಸುವರ್ಣಗೆಡ್ಡೆ ತಿಂದೆ. ಇದರ ಮೇಲೆ ವರ್ಷಕ್ಕೊಮ್ಮೆ ಬಿಳಗಿ ಕಡೆಯ ಒಂದು ಚೌಡಿಕಟ್ಟೆಗೆ, ಊರದೇವಿ ಚೌಡಿಯ ಜಾಗಕ್ಕೆ, ಆಯಿ ನನ್ನನ್ನು ಮಾತ್ರ ಕರೆದುಕೊಂಡು ಹೋಗುತ್ತಿದ್ದಳು. ಸೀಟು ಮಾಡಿಸಿದ ತಿಂಗಳು ಮೊದಲ ಸಲ ಹೋದೆವು. ನಾನು ಕಾಯಿ ಒಡೆಯುವುದಕ್ಕೆ ಹೋಗಿದ್ದಾಗ ಅವಳು ಮೊಣಕಾಲು ನೋವು ಎಂದು ಗಾಡಿಯಲ್ಲೇ ಕೂತಿದ್ದಳು. ಬರುವಾಗ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿದ್ದಳು.

ಆಮೇಲೆ ಸೀಟಿನ ತಂಪು ಇಳಿಯತೊಡಗಿತು. ಮೊದಲು ನನ್ನದೇ ಭ್ರಮೆ ಎಂದುಕೊಂಡೆ. ಬೇಸಿಗೆ ಏರುತ್ತಿದೆ, ಅದಕ್ಕೆ ಇರಬಹುದು ಎಂದುಕೊಂಡೆ. ಮಳೆಗಾಲ ಬಂದರೂ ಸೀಟು ಬೆಚ್ಚಗೇ ಇತ್ತು. ಫ್ಯಾನಿನ ಸದ್ದು ಜೋರಾಗಿತ್ತು, ಬರುವ ಗಾಳಿ ಮಾತ್ರ ಅರ್ಧ.

ಚಾಚಾರ ಬಳಿ ಹೋದೆ. ಅವರು ಫ್ಯಾನು ಬದಲಿಸಿದರು. ಸ್ವಲ್ಪ ದಿನ ಬಿಟ್ಟು ಮತ್ತೆ ಹೋದೆ, ವಯರು ಬದಲಿಸಿದರು. ಬ್ಯಾಟರಿ ಹಳತಾಗಿದೆ ಎಂದರು, ಅದನ್ನೂ ಬದಲಿಸಿದೆ. ಬಟ್ಟೆಯ ತೂತಿಗೆ ಧೂಳು ಕೂತಿದೆ ಎಂದು ಬಟ್ಟೆ ಬದಲಿಸಿದರು. ಲಾಮಂಚ ಕೊಳೆತು ವಾಸನೆ ಬರತೊಡಗಿದಾಗ ಹೆಂಡತಿಯೇ ತವರಿನಿಂದ ಹೊಸ ಬೇರು ತರಿಸಿ, ತೊಳೆದು, ಒಣಗಿಸಿ, ಚಾಪೆ ಹೆಣೆದು ಕೊಟ್ಟಳು. ಪ್ರತಿ ಸಲ ರಿಪೇರಿಯಾದ ದಿನ ತಂಪೆನ್ನಿಸುತ್ತಿತ್ತು. ಅದು ತಂಪಾಗಿರಲಿಲ್ಲ, ತಂಪಾಗಲಿ ಎಂಬ ಆಸೆ ಇತ್ತು. ವಾರ ಕಳೆಯುವಷ್ಟರಲ್ಲಿ ಅದೂ ಆರಿಹೋಗುತ್ತಿತ್ತು.

ವರ್ಷದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದೆ. ಏನೂ ಬದಲಾಗಿರಲಿಲ್ಲ. "ಸೀಟು ತಂಪು ಮಾಡ್ಕೊಂಡ್ರಾ?" ಎಂದು ಡಾಕ್ಟರು ಕೇಳಿದರು. ಮಾಡಿಸಿದ್ದೇನೆ, ತಂಪಾಗುತ್ತಿಲ್ಲ ಎಂದೆ. ಅವರಿಗೆ ಅದು ತಮಾಷೆಯಾಗಿ ಕೇಳಿಸಿರಬೇಕು. ಕೆಲಸ ಬದಲಿಸಿ ಎಂದು ಮತ್ತೊಮ್ಮೆ ಹೇಳಿದರು. ನೋಡುತ್ತೇನೆ ಎಂದು ಹೊರಬಂದು ನೇರ ಚಾಚಾರ ಮಾಡಿನ ಕೆಳಗೆ ಗಾಡಿ ನಿಲ್ಲಿಸಿದೆ.

ಆ ದಿನ ಚಾಚಾ ಫ್ಯಾನಿಗೆ ಕಿವಿ ಕೊಟ್ಟು ಬಹಳ ಹೊತ್ತು ಕೂತರು. "ಇದಕ್ಕ ಉಸಿರು ಕಟ್ಟೈತ್ರಿ. ಒದ್ದಾಡಾಕತ್ತೈತಿ. ಪೈಪಿನ್ಯಾಗ ಏನಾರ ಕುಂತೈತೇನೋ" ಎಂದರು. ಪೈಪಿನ ಬಾಯಿಗೆ ಟಾರ್ಚು ಬಿಟ್ಟು ನೋಡಿದೆವು. ಬಾಗಿದ ಜಾಗದವರೆಗೆ ಖಾಲಿ, ಅದರ ಆಚೆ ಕಾಣುವುದಿಲ್ಲ. ಚಾಚಾ ಸೈಕಲ್ಲಿನ ಕಡ್ಡಿಯೊಂದನ್ನು ತೂರಿಸಿದರು, ಅದು ಎಲ್ಲೂ ತಡೆಯದೆ ಹೋಯಿತು. ಆದರೂ ಅವರಿಗೆ ಸಮಾಧಾನವಿಲ್ಲ. "ಬೆನ್ನಿನ ಸೀಟು ಪೂರಾ ಬಿಚ್ಚಿ ನೋಡೋಣ್ರಿ. ಅರ್ಧ ದಿವ್ಸ ಗಾಡಿ ಬಿಡ್ರಿ" ಎಂದರು. ಹಿಂದೆ ಬಾಳೆಗೊನೆಯಿತ್ತು, ಸಂಜೆಯೊಳಗೆ ಸಿದ್ದಾಪುರ ಸೇರಬೇಕಿತ್ತು. ಕಡ್ಡಿ ಹೋಯಿತಲ್ಲ ಚಾಚಾ, ಮುಂದಿನ ಸಲ ನೋಡೋಣ ಎಂದೆ.

ಮುಂದಿನ ಸಲವೂ ಅವರು ಹೇಳಿದರು. ಆಗ ಹಿಂಡಿ ಇತ್ತು. ಅದರ ಮುಂದಿನ ಸಲ ಯಾರದೋ ಮದುವೆಯ ಪಾತ್ರೆಗಳಿದ್ದವು. ಅರ್ಧ ದಿನ ನನ್ನ ಹತ್ತಿರ ಯಾವತ್ತೂ ಇರಲಿಲ್ಲ. ಎರಡು ಮೂರು ಸಲ ಕೇಳಿ ಚಾಚಾರೂ ಕೇಳುವುದನ್ನು ಬಿಟ್ಟರು.

ಒಮ್ಮೆ ಹುಲೇಕಲ್ಲಿನಲ್ಲಿ ಹೆಂಡತಿಯ ತಂಗಿಯ ಸೀಮಂತ. ನಾನು ಲೋಡು ಇಳಿಸಿ ಮಧ್ಯಾಹ್ನ ಊಟದ ಹೊತ್ತಿಗೆ ಅಲ್ಲಿಗೆ ತಲುಪಿದೆ. ಮನೆಯೊಳಗೆ ಹೆಂಗಸರು ಆರತಿಗೆ ಸೇರಿದ್ದರು. ಹೆಂಡತಿ ಅಲ್ಲಿರಲಿಲ್ಲ. ಆರತಿ ತಟ್ಟೆಗೆ ಅವಳು ಕೈ ಹಾಕುವುದು ಬೇಡ ಎಂದು ದೊಡ್ಡಮ್ಮನೊಬ್ಬಳು ನಯವಾಗಿ, ಬಾಳೆಲೆ ಒರೆಸುವ ಕೆಲಸ ಕೊಟ್ಟು ಹಿತ್ತಿಲಿಗೆ ಕಳಿಸಿದ್ದಳು. ಸ್ವಂತ ತಂಗಿಯ ಸೀಮಂತ. ಎಲೆಗಳನ್ನು ಒರೆಸಿ ಮುಗಿಸಿ ಅವಳು ಯಾರಿಗೂ ಹೇಳದೆ ಬಂದು ನನ್ನ ಗಾಡಿ ಹತ್ತಿದ್ದಳು. ಪಕ್ಕದ ಸೀಟಿನಲ್ಲಿ ಸಾಮಾನಿತ್ತು, ಹಾಗಾಗಿ ನನ್ನ ಸೀಟಿನಲ್ಲೇ ಕೂತಿದ್ದಳು. ನಾನು ಹುಡುಕಿಕೊಂಡು ಬಂದಾಗ ಅವಳ ಕಣ್ಣು ಒದ್ದೆಯಾಗಿರಲಿಲ್ಲ. ಸೆರಗು ಸರಿ ಮಾಡಿಕೊಳ್ಳುತ್ತ ನನ್ನನ್ನೇ ನೋಡಿದಳು.

"ಇಷ್ಟು ಬಿಸಿ ಇರ್ತಾ ಇದು?" ಎಂದು ಕೇಳಿದಳು.

ಅಷ್ಟು ದಿನ ನೀರು ಚಿಮುಕಿಸಿದವಳು ಎಂಜಿನ್ ಓಡಿದ ಮೇಲೆ ಅದರ ಮೇಲೆ ಕೂತದ್ದು ಅದೇ ಮೊದಲು. ಈಗ ಫ್ಯಾನ್ ಬಂದ್ ಮಾಡಿದ್ದೇನೆ, ಅದಕ್ಕೇ ಬಿಸಿ ಎಂದೆ. ಅವಳು ಕೈ ಚಾಚಿ ಸ್ವಿಚ್ ಹಾಕಿದಳು. ಫ್ಯಾನು ಕಿರುಚಿಕೊಂಡಿತು. ಅಂಗೈಯನ್ನು ಸೀಟಿನ ಮೇಲಿಟ್ಟು ಕಾದಳು. ನಾನೂ ಕಾದೆ. ಒಳಗೆ ಆರತಿ ಹಾಡು ಮುಗಿಯುವವರೆಗೆ ಕಾದೆವು. ಅವಳು ಸ್ವಿಚ್ ಆರಿಸಿ ಕೆಳಗಿಳಿದು ಊಟಕ್ಕೆ ಎಲೆ ಹಾಕಲು ಒಳಗೆ ಹೋದಳು.

ಆ ದಿನವೇ ನಾನು ಒಳಗೆ ಹೋಗಿ ಆ ದೊಡ್ಡಮ್ಮನ ಎದುರು, ಎಲ್ಲರ ಎದುರು, ತೊಂದರೆ ಅವಳದ್ದಲ್ಲ ನನ್ನದು ಎನ್ನಬೇಕಿತ್ತು. ಮೂರು ಶಬ್ದ. ಊಟಕ್ಕೆ ಕೂತಾಗ ಹೇಳಿಯೇಬಿಡಬೇಕು ಎಂದುಕೊಂಡಿದ್ದೆ. ಪಕ್ಕದಲ್ಲಿ ಕೂತವನು ನಿಮ್ಮ ಮೂಲವ್ಯಾಧಿ ಹೇಗಿದೆ ಎಂದು ಕೇಳಿದ. ಪರವಾಗಿಲ್ಲ ಎಂದು ಹೇಳಿ ಪಾಯಸ ಉಂಡೆ.

ಮರುದಿನದಿಂದ ಅವಳು ಎರಡು ತಂಬಿಗೆ ನೀರು ತರತೊಡಗಿದಳು. ಬೆಳಿಗ್ಗೆ ಒಂದು, ಮಧ್ಯಾಹ್ನ ಗಾಡಿ ಮನೆಯ ಹತ್ತಿರ ಬಂದರೆ ಇನ್ನೊಂದು. ನೀರು ಹೆಚ್ಚಾಗಿ ಎಂಜಿನ್ನಿನ ಮೇಲೆ ಬಿದ್ದು ಆವಿ ಏಳುತ್ತಿತ್ತು, ಸೀಟು ಮೊದಲಿಗಿಂತ ಬಿಸಿಯಾಗುತ್ತಿತ್ತು. ಅದನ್ನು ಅವಳಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಎರಡನೆಯ ವರ್ಷದ ಚೌಡಿಕಟ್ಟೆ, ಮೂರನೆಯ ವರ್ಷದ ಚೌಡಿಕಟ್ಟೆ. ಆಯಿ ಮೊಣಕಾಲು ಹಿಡಿದುಕೊಂಡು ಗಾಡಿಯಲ್ಲೇ ಕೂತಳು, ನಾನು ಕಾಯಿ ಒಡೆದೆ. ಮೂರನೆಯ ವರ್ಷದಿಂದ ಸೀಟಿನಿಂದ ಗಾಳಿ ಎಂಬುದೇ ಬರಲಿಲ್ಲ. ನಾನು ಫ್ಯಾನ್ ಹಾಕುವುದನ್ನೇ ಬಿಟ್ಟೆ. ಡಾಕ್ಟರರ ಬಳಿ ಹೋಗುವುದನ್ನೂ ಬಿಟ್ಟೆ. ಹೆಂಡತಿ ಮಾತ್ರ ನೀರು ಚಿಮುಕಿಸುವುದನ್ನು ಬಿಡಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವಳು ನಿಲ್ಲಿಸುತ್ತಿದ್ದಳು, ಅದು ನನಗೆ ಇನ್ನೂ ಹೆದರಿಕೆಯ ವಿಷಯವಾಗಿತ್ತು.

ವರ್ಷಗಳು ಹೀಗೇ ಹೋದವು. ಅವಳಿಗೆ ನಲವತ್ತಾಯಿತು. ಎರಡು ಸಾವಿರ ದಾಟಿ ನಾಲ್ಕೈದು ವರ್ಷಕ್ಕೆ ಗಾಡಿಯ ಆಯುಸ್ಸೂ ಮುಗಿಯಿತು. ಮೂತಿಯಿರುವ ಹೊಸ ನಮೂನೆಯ ಪಿಕಪ್ಪುಗಳು ಬಂದಿದ್ದವು, ಅವುಗಳಲ್ಲಿ ಎಂಜಿನ್ ಮುಂದೆ ಇರುತ್ತಿತ್ತು. ಹಳೆಯದನ್ನು ಸಿದ್ದಾಪುರದ ಒಬ್ಬರಿಗೆ ಕೊಡುವುದೆಂದಾಯಿತು. ಅವರು ಸೀಟೆಲ್ಲ ಮೊದಲಿನಂತೆ ಸಾದಾ ಮಾಡಿಸಿ ಕೊಡಿ ಎಂದರು. ಹೀಗೆ ಕೊನೆಗೂ ಅರ್ಧ ದಿನ ಗಾಡಿಯನ್ನು ಚಾಚಾರ ಮಾಡಿನ ಕೆಳಗೆ ಬಿಟ್ಟೆ.

ಚಾಚಾರಿಗೆ ಕಣ್ಣು ಮಂಜಾಗಿತ್ತು. ಬೆನ್ನೊರಗು ಬಿಚ್ಚಿ ಪೈಪನ್ನು ಹೊರಗೆಳೆದರು. ಬಾಗಿದ ಜಾಗದ ಸ್ವಲ್ಪ ಕೆಳಗೆ ಅದು ಉಬ್ಬಿತ್ತು. ಪೈಪನ್ನು ನೆಲಕ್ಕೆ ಕುಟ್ಟಿದರು. ಮೂರು ಗಂಟುಗಳು ಒಂದರ ಹಿಂದೆ ಒಂದು ಹೊರಬಿದ್ದವು. ಕೋಳಿಮೊಟ್ಟೆಯಷ್ಟು ದೊಡ್ಡ ಬಟ್ಟೆಯ ಗಂಟುಗಳು. ಚಾಚಾ ಒಂದನ್ನು ಎತ್ತಿ ಮೂಸಿದರು, ತಕ್ಷಣ ಕೆಳಗಿಟ್ಟು ಕೈ ಒರೆಸಿಕೊಂಡರು.

"ಇದು ದೇವರದ್ದೈತ್ರಿ. ನೀವ ಇಟ್ಟಿದ್ರೇನು?" ಎಂದರು.

ಆ ಗಂಟನ್ನು ನಾನು ಗುರುತಿಸಿದ್ದೆ. ಅಡಿಗೆಗೆ ಹೋಗುವಾಗ ಮಸಾಲೆ ಪುಡಿಗಳನ್ನು ಆಯಿ ಹೀಗೆಯೇ ಕಟ್ಟುತ್ತಿದ್ದಳು, ಎರಡು ಸುತ್ತು ಹಾಕಿ ತುದಿಯನ್ನು ಒಳಗೆ ಸಿಕ್ಕಿಸಿ. ಸೈಕಲ್ ಕಡ್ಡಿ ಬಟ್ಟೆಯ ಬದಿಯಿಂದ ನುಸುಳಿಹೋಗಿತ್ತು.

ಚಾಚಾ ಪಾಪ, ತಮ್ಮ ಕೆಲಸದಲ್ಲಿ ತಪ್ಪಿರಲಿಲ್ಲ ಎಂಬ ಸಮಾಧಾನದಲ್ಲಿದ್ದರು. ಸಾದಾ ಸೀಟು ಹಾಕುವ ಮೊದಲು ಒಂದು ಸಲ ನೋಡಿಯೇಬಿಡೋಣ ಎಂದು ಪೈಪನ್ನು ಮತ್ತೆ ಜೋಡಿಸಿ, ಎಂಜಿನ್ ಶುರು ಮಾಡಿಸಿ, ಫ್ಯಾನ್ ಹಾಕಿದರು. ಫ್ಯಾನು ಕಿರುಚಲಿಲ್ಲ. "ಕುಂದರ್ರಿ" ಎಂದರು. ಕೂತೆ. ಹತ್ತು ನಿಮಿಷ ಎಂಜಿನ್ ಓಡಿತು. ಕೆಳಗಿನಿಂದ ತಣ್ಣನೆಯ ಗಾಳಿ ಬರುತ್ತಲೇ ಇತ್ತು. ಬೆಳಿಗ್ಗೆ ಹೆಂಡತಿ ಚಿಮುಕಿಸಿದ್ದ ನೀರು ಬೇರಿನಲ್ಲಿ ಇನ್ನೂ ಇತ್ತು, ಅದರ ಪರಿಮಳವೂ ಬಂತು. "ತಂಪೈತಿಲ್ರಿ?" ಎಂದು ಚಾಚಾ ಮಗುವಿನಂತೆ ಕೇಳಿದರು. ತಂಪಾಗಿದೆ ಎಂದೆ. ಎಂಜಿನ್ ಆರಿಸಿದ ಮೇಲೂ ಅಲ್ಲೇ ಕೂತಿದ್ದೆ. ಗಂಟು ಇಲ್ಲದಿದ್ದರೆ ಮಗುವಾಗುತ್ತಿತ್ತು ಎಂದು ನಾನು ಹೇಳುವುದಿಲ್ಲ. ಡಾಕ್ಟರು ಗ್ಯಾರಂಟಿ ಕೊಟ್ಟಿರಲಿಲ್ಲ. ಆಗುತ್ತಿರಲಿಲ್ಲ ಎಂದೂ ಯಾರೂ ಹೇಳಲಾರರು, ಇವತ್ತಿಗೂ ನನ್ನನ್ನು ತಿನ್ನುವುದು ಅದೇ.

ಗಂಟುಗಳನ್ನು ಟವೆಲ್ಲಿನಲ್ಲಿ ಸುತ್ತಿ ಮನೆಗೆ ತಂದೆ. ಆಯಿ ಪಕ್ಕದ ಮನೆಗೆ ಹೋಗಿದ್ದಳು. ಅಡಿಗೆ ಕೋಣೆಯಲ್ಲಿ ಹೆಂಡತಿಯ ಮುಂದೆ ಟವೆಲ್ಲು ಬಿಚ್ಚಿ, ಎಲ್ಲಿ ಸಿಕ್ಕಿತು ಎಂದು ಹೇಳಿದೆ. ಅವಳು ಒಂದು ಗಂಟನ್ನು ಬಿಚ್ಚಿದಳು. ಹಿಟ್ಟಾದ ಅಕ್ಕಿ, ಹುಳ ಹಿಡಿದ ಅಡಿಕೆ, ಒಂದು ಅರಿಶಿನ ಕೊಂಬು. ಅವನ್ನು ಬದಿಗಿಟ್ಟು ಬಟ್ಟೆಯನ್ನು ಮೊಣಕಾಲಿನ ಮೇಲೆ ಹರವಿ ನೀವಿದಳು. ಹಳೆಯದಾಗಿ ಮೆತ್ತಗಾಗಿದ್ದ ಅರಿಶಿನ ಬಣ್ಣದ ಬಟ್ಟೆ. ಉಳಿದ ಎರಡನ್ನೂ ಬಿಚ್ಚಿ ಮೂರು ತುಂಡುಗಳನ್ನು ಅಂಚಿಗೆ ಅಂಚು ಸೇರಿಸಿ ಇಟ್ಟಳು.

"ತೊಟ್ಟಿಲ ಬಟ್ಟೆ. ಅತ್ತೆ ಅವತ್ತು ತೋರ್ಸಿತ್ತು" ಎಂದಳು.

ಸೀಟು ಯಾಕೆ ತಂಪಾಗಬೇಕಿತ್ತು ಎಂಬುದು ಆಯಿಗೆ ಗೊತ್ತಿದ್ದರೆ ಆ ಪೈಪಿನ ಹತ್ತಿರ ಒಂದು ನೊಣವನ್ನೂ ಅವಳು ಬಿಡುತ್ತಿರಲಿಲ್ಲ. ನಾವು ಹೇಳಿರಲಿಲ್ಲ. ನಾನು ಹೇಳಿರಲಿಲ್ಲ.

ಹೊರಗೆ ಆಯಿಯ ಚಪ್ಪಲಿಯ ಸದ್ದಾಯಿತು. ಹೆಂಡತಿ ಬಟ್ಟೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹೇಳದು ಬ್ಯಾಡ. ಈಗ ಗೊತ್ತಾದ್ರೆ ಅವು ಬದುಕದಿಲ್ಲೆ" ಎಂದಳು. ಈ ಸಲವೂ ನಾನು ತಕ್ಷಣ ಹೂಂ ಎಂದೆ.

ಮರುದಿನ ಸಂಜೆ ಜಗಲಿಯಲ್ಲಿ ಮೂವರೂ ಚಾ ಕುಡಿಯುತ್ತಿದ್ದೆವು. ಗಾಡಿ ಇರುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು. ಆಯಿ ಅದನ್ನೇ ನೋಡುತ್ತ, "ಗಾಡಿ ಕೊಡೂ ಮೊದ್ಲು ಒಳಗೆಲ್ಲ ಸರಿ ನೋಡಿದ್ಯಾ ತಮಾ?" ಎಂದಳು.

"ನೋಡಿದ್ದಿ ಆಯಿ."

"ಆ ಗಾಳಿ ಪೈಪಿನೊಳಗೂ?"

"ಅದ್ರೊಳಗೂ ನೋಡಿದ್ದಿ. ಎಂತೂ ಇತ್ತಿಲ್ಲೆ."

ಆಯಿ ಲೋಟ ಕೆಳಗಿಟ್ಟಳು. ಅವಳ ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದ ಬೆಳಕಿತ್ತು. ಇನ್ನು ಹೇಳಿದರೆ ತಪ್ಪಿಲ್ಲ ಎಂದು ತಾನೇ ಎಲ್ಲವನ್ನೂ ಹೇಳಿದಳು. ಮೊದಲೊಮ್ಮೆ ತಾನೊಬ್ಬಳೇ ಹೋಗಿ ಕೇಳಿದ್ದಾಗ ಚೌಡಿಕಟ್ಟೆಯಲ್ಲಿ ನೋಟ ನೋಡಿ ಭವಿಷ್ಯ ಹೇಳುವವನು ಮೂರು ವರ್ಷ ಮೂರು ಗಂಟು ಎಂದಿದ್ದನಂತೆ. ಮಗನ ಜೊತೆ ಸದಾ ತಿರುಗುತ್ತಿರಬೇಕು, ಆದರೆ ಮಗನಿಗೆ ಗೊತ್ತಾಗಬಾರದು. ಕಾಲು ತಾಗುವ ಕಡೆ ಇಡಬಾರದು, ಯಾರೂ ಕೂರುವ ಜಾಗದ ಅಡಿಯಲ್ಲೂ ಇಡಬಾರದು. ಇಡೀ ಗಾಡಿಯಲ್ಲಿ ಹಾಗೆ ಮಡಿಯಾಗಿದ್ದದ್ದು ಅವಳ ಭುಜದ ಮೇಲಿನ ಆ ಪೈಪೊಂದೇ. ಹರಕೆ ಚೌಡಿಗೆ ಮುಟ್ಟಿದರೆ ಗಂಟು ತಾನಾಗಿ ಮಾಯವಾಗುತ್ತದೆ ಎಂದೂ ಅವನು ಹೇಳಿದ್ದನಂತೆ.

"ಎಂತೂ ಇತ್ತಿಲ್ಲೆ ಅಂದ್ರೆ ಚೌಡಿ ತಗಂಡಿದ್ದು" ಎಂದಳು. ಬೆರಳು ಮಡಚಿ ವರ್ಷಗಳ ಲೆಕ್ಕ ಹಾಕಿದಳು. ಆಮೇಲೆ ಬೈಯುವ ದನಿಯಲ್ಲಲ್ಲ, ನಿಧಾನವಾಗಿ, ಬೇಸರದಿಂದಲೇ ಹೇಳಿದಳು: "ಹಂಗಾದ್ರೆ ದೇವ್ರದ್ದು ತಪ್ಪಿಲ್ಲೆ. ಅದು ಕೊಡಲೆ ತಯಾರಿತ್ತು. ತಗಂಬ ಹೊಟ್ಟೆಗೇ ಯೋಗ ಇತ್ತಿಲ್ಲೆ."

ಹೆಂಡತಿ ನನ್ನ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ನಾನು ಲೋಟದೊಳಗೆ ನೋಡುತ್ತಿದ್ದೆ, ಆದರೂ ಅವಳು ನೋಡುತ್ತಿದ್ದದ್ದು ನನಗೆ ಗೊತ್ತಿತ್ತು. ಆಮೇಲೆ ಅವಳು ಎದ್ದು ಚಾ ಪಾತ್ರೆ ತಂದು ಆಯಿಯ ಮುಂದೆ ಬಗ್ಗಿದಳು.

"ಇನ್ನೊಂಚೂರು ಹಾಕ್ಲಾ ಅತ್ತೆ?" ಎಂದು ಕೇಳಿದಳು.